ಕಂಡಕ್ಟರನಿಗೆ ಪಾಠ ಹೇಳಿದ ಇಸ್ತ್ರಿ ಅಕ್ಕ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಅಕ್ಕ ಎನ್ನುತ್ತಿದ್ದರು; ಅದು ಪ್ರೀತಿಗಲ್ಲ, ಅವಳ ನಾಲಿಗೆಯ ಭಯಕ್ಕೆ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಹಳೆಯ ಕಂಬಳಿ ಹಾಸಿದ ಅಗಲವಾದ ಮೇಜು, ಕೈ ಸೋಲಿಸುವಷ್ಟು ಭಾರದ ಇಸ್ತ್ರಿ ಪೆಟ್ಟಿಗೆ, ನೀರು ಚಿಮುಕಿಸುವ ಬಾಟಲಿ, ಗೋಡೆಯುದ್ದಕ್ಕೂ ಬಟ್ಟೆಯ ಗಂಟುಗಳು. ಯಾವ ಬಟ್ಟೆ ಯಾರ ಮನೆಯದು ಎಂದು ತಿಳಿಯಲು ಕಾಲರಿನ ಒಳಗೆ ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರದ ಹೊಲಿಗೆ. ಆದರೆ ಅಕ್ಕ ದಾರ ನೋಡಿದ್ದನ್ನು ಕಂಡವರಿಲ್ಲ. ಅಂಗಿ ಸವೆದ ಕಡೆ ಬೆರಳಾಡಿಸಿ, ಇದು ಬ್ಯಾಂಕಿನವರದು, ಇದು ಡ್ರಿಲ್ ಮಾಸ್ಟರದು ಎಂದುಬಿಡುತ್ತಿದ್ದಳು. ದಾರವೇನಿದ್ದರೂ ತಮ್ಮನಿಗಾಗಿ.

ತಮ್ಮನನ್ನು ಬೀದಿಯವರು ಕಂಡಕ್ಟರ್ ಎನ್ನುತ್ತಿದ್ದರು. ಅವನು ಬಸ್ಸಿನಿಂದ ಇಳಿದು ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ಇಳಿದಿರಲಿಲ್ಲ. ಒಂದು ಕಾಲಕ್ಕೆ ಅವನ ತಲೆ ಅಂದರೆ ತಲೆ. ಬಸ್ಸು ತುಂಬ ಜನರಿರಲಿ, ಯಾರು ಎಲ್ಲಿ ಹತ್ತಿದರು, ಯಾರು ಎಲ್ಲಿ ಇಳಿಯಬೇಕು ಎಂಬುದು ಅವನಿಗೆ ಬಾಯಿಪಾಠ. ನಿದ್ದೆ ಹೋದ ಮುದುಕರನ್ನು ಅವರ ಸ್ಟಾಪು ಬರುವ ಮುಂಚೆಯೇ ಭುಜ ತಟ್ಟಿ ಎಬ್ಬಿಸುತ್ತಿದ್ದ. ಆಮೇಲೆ ಬಸ್ಸಿನಲ್ಲಿ ಇಲ್ಲದ ಜನ ಅವನೊಡನೆ ಮಾತಾಡತೊಡಗಿದರು. ಹಿಂದಿನ ಸೀಟಿನಿಂದ ಯಾರೋ ಬೈಯುತ್ತಿದ್ದಾರೆಂದು ಒಂದು ದಿನ ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸಿಬಿಟ್ಟ. ಕೆಲಸ ಹೋಯಿತು, ಆಸ್ಪತ್ರೆ ಬಂತು. ಸ್ಕಿಜೋಫ್ರೇನಿಯಾ ಎಂದು ಡಾಕ್ಟರು ಹೇಳಿದ ಹೆಸರು ಅಕ್ಕನ ಬಾಯಲ್ಲಿ ಹೊರಳಲು ವಾರ ಹಿಡಿಯಿತು. ಆಗಷ್ಟೇ ಗಂಡನನ್ನು ಕಳೆದುಕೊಂಡು ಅಂಗಡಿಯನ್ನು ಒಬ್ಬಳೇ ಎಳೆಯುತ್ತಿದ್ದ ಅವಳು, ಇದ್ದುದರಲ್ಲಿ ಇವನೂ ಇರಲಿ ಎಂದು ತಮ್ಮನನ್ನು ಮನೆಗೆ ಕರೆತಂದಳು.

ಮಾತ್ರೆ ಕೆಲಸ ಮಾಡಿತು. ಅದನ್ನು ಅಲ್ಲಗಳೆಯುವಂತಿಲ್ಲ. ಒಂದು ವರ್ಷದೊಳಗೆ ಅವನ ಕಿವಿಯೊಳಗಿನ ಜನ ಒಬ್ಬೊಬ್ಬರಾಗಿ ಇಳಿದು ಹೋದರು. ತಿಂಗಳಿಗೊಮ್ಮೆ ಡಾಕ್ಟರು ಕೇಳುವುದು ಒಂದೇ ಪ್ರಶ್ನೆ, "ಮಾತು ಕೇಳಿಸುತ್ತಾ?" ತಮ್ಮ ಇಲ್ಲವೆನ್ನುತ್ತಿದ್ದ. "ಭೇಷ್," ಎಂದು ಡಾಕ್ಟರು ಮುಂದಿನವರನ್ನು ಕರೆಯುತ್ತಿದ್ದರು. ಮಾತು ಕೇಳಿಸುವುದಿಲ್ಲವೆಂದ ಮೇಲೆ ಗುಣವಾದಂತೆಯೇ ಎಂದು ಅಕ್ಕನೂ ಅಂದುಕೊಂಡಳು. ಇನ್ನೇನು ಇವನು ಎದ್ದು ನಿಲ್ಲುತ್ತಾನೆ, ತನ್ನ ಬೆನ್ನು ಸ್ವಲ್ಪ ಹಗುರಾಗುತ್ತದೆ ಎಂದು ಕಾದಳು. ಅವನು ಎದ್ದು ನಿಲ್ಲುತ್ತಿದ್ದ ನಿಜ. ನಿಂತಲ್ಲೇ ನಿಂತಿರುತ್ತಿದ್ದ.

ಅವಳು ಕೆಲಸ ಹೇಳುವ ರೀತಿಯೂ ಅವನನ್ನು ನಿಲ್ಲಿಸಿಬಿಡುವಂಥದ್ದೇ ಅನ್ನಿ. ಇಸ್ತ್ರಿ ಕೈಯಲ್ಲಿದ್ದಾಗ ತಲೆ ಎತ್ತದೆ ಒಂದೇ ಉಸಿರಿಗೆ ಹೇಳುವವಳು.

"ಈ ಗಂಟು ಬ್ಯಾಂಕಿನೋರ ಮನೆಗೆ ಕೊಡು, ಬರ್ತಾ ಡ್ರಿಲ್ ಮಾಸ್ಟ್ರ ಹತ್ರ ಒಗೆದ ಬಟ್ಟೆ ಇಸ್ಕೊಂಡು ಬಾ, ಹಾಗೇ ಮೂಲೆ ಅಂಗಡೀಲಿ ಗಂಜಿ ಪುಡಿ ತಗೋ. ಗೊತ್ತಾಯ್ತಾ?"

ಅವನು ತಲೆಯಾಡಿಸಿ ಹೋದ. ಬರುವಾಗ ಗಂಜಿ ಪುಡಿ ತಂದ. ಸ್ವಲ್ಪ ಹೊತ್ತಿಗೆ ಡ್ರಿಲ್ ಮಾಸ್ಟರು ಬ್ಯಾಂಕಿನವರ ಗಂಟು ಹಿಡಿದು ಬಾಗಿಲಲ್ಲಿ ಬಂದು ನಿಂತರು. ಮಾಸ್ಟರು ಒಣಗಿದ ಕಡ್ಡಿ. ಬ್ಯಾಂಕಿನವರು ಬಾಗಿಲಲ್ಲಿ ಅಡ್ಡಡ್ಡ ಬರಬೇಕಾದವರು.

"ಅಕ್ಕ, ಈ ಪ್ಯಾಂಟಲ್ಲಿ ನಾನೂ ನನ್ನ ಹೆಂಡ್ತೀನೂ ಇಬ್ರೂ ಹಿಡೀತೀವಿ. ಬ್ಯಾಂಕಿನೋರಿಗೆ ಬೇಡವಾದ್ರೆ ಇಟ್ಕೊಳ್ಳಲಾ?"

ಮಾಸ್ಟರು ನಕ್ಕರು. ಅಕ್ಕನಿಗೆ ನಗು ಬರಲಿಲ್ಲ. ತಮ್ಮನನ್ನು ಬೀದಿಗೆಲ್ಲ ಕೇಳುವಂತೆ ಬೈದಳು. ಬೇಕೆಂದೇ ಮಾಡುತ್ತೀಯ, ಕೂತು ತಿನ್ನುವ ಚಟ ಹತ್ತಿದೆ, ಕೋಣನ ಮುಂದೆ ಕಿನ್ನರಿ ಬಾರಿಸಿ ನನ್ನ ಗಂಟಲು ಹೋಯಿತು ಎಂದಳು. ಅವನು ಮೇಜಿನ ಅಂಚು ನೋಡುತ್ತ ನಿಂತಿದ್ದ. ಬೈದ ಮೇಲೆ ಅವಳಿಗೇ ಸುಸ್ತಾಯಿತು. ಅದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಬೆಳಿಗ್ಗೆ ಏಳುವಾಗಲೇ ಅವಳಿಗಿಂತ ಮೊದಲು ಎದ್ದು ಕೂತಿರುವ ಸುಸ್ತು.

ಪಟ್ಟಣದ ಇನ್ನೊಂದು ತುದಿಯಲ್ಲಿದ್ದ ತಂಗಿ ಆಗಾಗ ಬಂದು ಹೋಗುತ್ತಿದ್ದಳು. ದೂರದ ಬೆಟ್ಟ ನುಣ್ಣಗೆ. ಮೊದಮೊದಲು, "ಅಣ್ಣ ಚೆನ್ನಾಗೇ ಇದಾನಲ್ಲ, ಊಟ ಮಾಡ್ತಾನೆ, ನಿದ್ದೆ ಮಾಡ್ತಾನೆ," ಎನ್ನುತ್ತಿದ್ದಳು. ಅಕ್ಕನ ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದನ್ನು ಕಂಡ ಮೇಲೆ ಅವಳೇ ಓಡಾಡಿ ಒಂದು ದಾರಿ ಹುಡುಕಿದಳು. ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಆಶ್ರಯಮನೆ ಪಟ್ಟಣದ ಹೊರಗಿತ್ತು. ಅಲ್ಲೊಂದು ಹಾಸಿಗೆ ಖಾಲಿಯಾಗುವುದರಲ್ಲಿತ್ತು.

"ಒಳ್ಳೆ ಜಾಗ ಅಕ್ಕ. ಹೊತ್ತಿಗೆ ಸರಿಯಾಗಿ ಮಾತ್ರೆ, ಊಟ. ಹೋದೋರು ವಾಪಸ್ ಬರೋದು ಕಮ್ಮಿ, ಅದೊಂದು ನಿಜ. ನೀನೂ ಬದುಕ್ಬೇಕಲ್ಲ?"

ಈ ಮಾತೆಲ್ಲ ನಡೆದದ್ದು ತಮ್ಮನ ಎದುರಿಗೇ. ಗೋಡೆಯ ಪಕ್ಕದ ಬಟ್ಟೆ ಗಂಟುಗಳಲ್ಲಿ ಅವನೂ ಒಂದು ಎನ್ನುವ ಹಾಗೆ ಇಬ್ಬರೂ ಮಾತಾಡಿದರು. ಅಕ್ಕ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಹೂಂ ಎನ್ನಬೇಕೆನಿಸಿತ್ತು, ಹಾಗೆನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಗಿತ್ತು. ಆಸ್ಪತ್ರೆಯಲ್ಲಿ ಕೆಲಸ ಕಲಿಸುವ ತರಗತಿ ಶುರುವಾಗುತ್ತದಂತೆ, ಅದರಲ್ಲಿ ಇವನಿಗೆ ಜಾಗ ಸಿಕ್ಕರೆ ಇಲ್ಲೇ ಇರಲಿ, ಸಿಗದಿದ್ದರೆ ನೀನು ಹೇಳಿದಂತೆಯೇ ಆಗಲಿ ಎಂದು ತಂಗಿಗೆ ಮಾತು ಕೊಟ್ಟಳು.

ತರಗತಿಗೆ ಸೇರುವ ಮೊದಲು ಒಂದು ಪರೀಕ್ಷೆ. ಅದನ್ನು ಮಾಡುವವಳು ಚಿಕ್ಕ ಕೋಣೆಯಲ್ಲಿ ಕೂರುವ, ಸದಾ ನೆಗಡಿಯಾದಂತೆ ಕಾಣುವ ಒಬ್ಬಳು. ಎಲ್ಲರೂ ಅವಳನ್ನು ಪರೀಕ್ಷೆ ಮೇಡಂ ಎನ್ನುತ್ತಿದ್ದರು. ಅಕ್ಕನನ್ನು ಮೂಲೆಯ ಸ್ಟೂಲಿನಲ್ಲಿ ಕೂರಿಸಿ, ಬಾಯಿ ಬಿಡಬಾರದೆಂದು ಹೇಳಿ, ತಮ್ಮನ ಮುಂದೆ ಕಾಗದ ಪೆನ್ಸಿಲ್ ಇಟ್ಟಳು. ಅಂಕಿಗಳನ್ನು ಹಿಂದುಮುಂದಾಗಿ ಹೇಳು, ಗುರುತಿಗೆ ಗುರುತು ಸೇರಿಸು, ಹೀಗೆ ಏನೇನೋ. ಆಮೇಲೆ ಹದಿನೈದು ಪದ ನಿಧಾನವಾಗಿ ಓದಿದಳು. ಕೊಡೆ, ನದಿ, ಗಂಟೆ, ಕುದುರೆ, ಚಾಪೆ, ಮೋಡ, ಬೀಗ, ತೋಟ, ಸೂಜಿ, ದೀಪ, ಹಡಗು, ಕನ್ನಡಿ, ಬೆಕ್ಕು, ಏಣಿ, ಉಪ್ಪು. ನೆನಪಿದ್ದಷ್ಟು ಹೇಳಿ ಎಂದಳು.

"ಉಪ್ಪು," ಎಂದ ತಮ್ಮ. ತುಂಬ ಹೊತ್ತಿನ ಮೇಲೆ, "ಏಣಿ. ಕೊಡೆ." ಮತ್ತೆ ಓದಿದಳು, ಮತ್ತೆ ಕೇಳಿದಳು. ನಾಲ್ಕರ ಮೇಲೆ ಹೋಗಲಿಲ್ಲ. ಮೂಲೆಯಲ್ಲಿ ಕೂತ ಅಕ್ಕನಿಗೆ ಹದಿನೈದೂ ಬಾಯಿಗೆ ಬಂದಿದ್ದವು. ತುಟಿ ಕಚ್ಚಿಕೊಂಡು ಕೂತಿದ್ದಳು.

ತಮ್ಮನನ್ನು ಹೊರಗೆ ಕೂರಿಸಿ ಮೇಡಂ ವಿವರಿಸಿದಳು. "ಮಾತು ಕೇಳಿಸೋದು ನಿಲ್ಲೋದು ಒಂದು. ನೆನಪು, ಗಮನ ವಾಪಸ್ ಬರೋದು ಇನ್ನೊಂದು. ಮಾತ್ರೆ ಮೊದಲನೇದಕ್ಕೆ ಆಗುತ್ತೆ, ಎರಡನೇದಕ್ಕೆ ಅಷ್ಟು ಆಗಲ್ಲ. ನೀವು ಇಸ್ತ್ರಿ ಮಾಡೋರಲ್ವಾ? ಮೇಜು ಒಂದೇ ಅಂಗಿ ಹಿಡಿಯೋಷ್ಟು ಚಿಕ್ಕದಾಗಿದೆ ಅಂದ್ಕೊಳ್ಳಿ. ಎರಡನೇದು ಇಟ್ರೆ ಮೊದಲನೇದು ಕೆಳಗೆ ಬೀಳುತ್ತೆ. ಇವರ ತಲೆ ಈಗ ಹಾಗಿದೆ."

ಅಕ್ಕ ಸ್ಟೂಲನ್ನು ಮೇಡಂ ಹತ್ತಿರಕ್ಕೆ ಎಳೆದುಕೊಂಡಳು. "ಹಾಗಾದ್ರೆ ಅವನು ಬೇಕಂತ ಮಾಡ್ತಿರ್ಲಿಲ್ವಾ?"

"ಇಲ್ಲಮ್ಮ."

ಎರಡು ವರ್ಷ ಬೈದದ್ದೆಲ್ಲ ಒಟ್ಟಿಗೆ ಬಂದು ಅವಳ ಎದೆಯ ಮೇಲೆ ಕೂತಿತು. ಅದನ್ನು ಸರಿಸಿ ಕೆಲಸದ ಮಾತು ಕೇಳಿದಳು. "ತರಗತೀಲಿ ಜಾಗ ಸಿಗುತ್ತಾ?"

"ಕಷ್ಟ. ಶುರುವಲ್ಲೇ ನೆನಪು, ಗಮನ ಚೆನ್ನಾಗಿರೋರಿಗೆ ಕಲಿಸಿದ್ದು ಹೆಚ್ಚು ಹತ್ತುತ್ತೆ ಅಂತ ಮತ್ತೆ ಮತ್ತೆ ಕಂಡಿದೆ. ಒಬ್ಬೊಬ್ಬರ ವಿಷಯದಲ್ಲಿ ಖಡಾಖಂಡಿತ ಹೇಳೋಕಾಗಲ್ಲ, ಒಟ್ಟಾರೆ ಹೇಳ್ತಿದೀನಿ. ಇರೋ ಸೀಟು ಕಮ್ಮಿ. ಹಾಗಾಗಿ ಅಂಥೋರನ್ನೇ ತಗೋತಾರೆ."

"ಹೊಟ್ಟೆ ತುಂಬಿದೋರನ್ನೇ ಕರೆದು ಬಡಿಸಿದ ಹಾಗಾಯ್ತು," ಎಂದಳು ಅಕ್ಕ.

ಮೇಡಂ ಮೂಗೊರೆಸಿಕೊಂಡಳು. ಕಾಯಿಲೆಯ ಮಾತ್ರೆಯಿಂದ ಬರುವ ಕೈನಡುಕಕ್ಕೆಂದು ಇವನಿಗೆ ಕೊಡುತ್ತಿದ್ದ ಇನ್ನೊಂದು ಮಾತ್ರೆಯಿಂದಲೂ ಕೆಲವರಿಗೆ ಮರೆವು ಹೆಚ್ಚುತ್ತದೆ, ಡಾಕ್ಟರಿಗೆ ಹೇಳಿ ಅದನ್ನು ಇಳಿಸಿ ನೋಡೋಣ, ಆರು ವಾರ ಬಿಟ್ಟು ಇನ್ನೊಮ್ಮೆ ಬನ್ನಿ ಎಂದಳು.

ಅಕ್ಕ ಎಡವಿದ್ದು ಇಲ್ಲೇ. ಪರೀಕ್ಷೆಯೆಂದರೆ ಅವಳಿಗೆ ಗೊತ್ತಿದ್ದದ್ದು ಶಾಲೆಯ ಪರೀಕ್ಷೆ. ಪ್ರಶ್ನೆ ಮೊದಲೇ ಸಿಕ್ಕಿದೆ, ಇನ್ನು ಉರು ಹೊಡೆಸಿದರಾಯಿತು ಎಂದುಕೊಂಡಳು. ಮರುದಿನದಿಂದಲೇ ಪಾಠ ಶುರುವಾಯಿತು. ಅವಳು ಇಸ್ತ್ರಿ ಎಳೆಯುತ್ತ ಒಂದೊಂದು ಪದ ಹೇಳುವುದು, ಅವನು ಮಡಿಸುತ್ತ ತಿರುಗಿ ಹೇಳುವುದು. ಕೊಡೆ, ನದಿ. ಕೊಡೆ, ನದಿ, ಗಂಟೆ. ಕುದುರೆ ಬರುವಷ್ಟರಲ್ಲಿ ಕೊಡೆ ಕಳೆದುಹೋಗುತ್ತಿತ್ತು. ಈ ಸಲ ಅವಳು ಬೈಯಲಿಲ್ಲ. ಬಟ್ಟೆ ಒಯ್ಯಲು ಬಂದವರು ಬಾಗಿಲಲ್ಲಿ ನಿಂತು, ಕುದುರೆ ಚಾಪೆ ಮೋಡ ಎಂದು ಮಂತ್ರದಂತೆ ಹೇಳುತ್ತಿದ್ದ ಅಕ್ಕತಮ್ಮಂದಿರನ್ನು ನೋಡಿ, ಕಾಯಿಲೆ ಈಗ ಇಬ್ಬರಿಗೂ ಬಂತೇನೋ ಎಂದುಕೊಂಡು ಹೋದರು.

ಕೆಲಸದ ರೀತಿಯೂ ಬದಲಾಯಿತು. ಒಂದು ಮಾತಿಗೆ ಒಂದೇ ಕೆಲಸ. ಗಂಟು ಎತ್ತು. ಎತ್ತಿದ ಮೇಲೆ, ಬ್ಯಾಂಕಿನವರ ಮನೆಗೆ ಕೊಡು. ಕೊಟ್ಟು ಬಂದ ಮೇಲೆ ಇನ್ನೊಂದು. ಹಾಗೆ ಹೇಳಿದರೆ ಅವನು ತಪ್ಪುತ್ತಿರಲಿಲ್ಲ, ಅದನ್ನು ಕಂಡು ಅಕ್ಕನಿಗೆ ಸಂತೋಷವೂ ಆಯಿತು. ಆದರೆ ಮೊದಲು ಮೂರು ಕೆಲಸಕ್ಕೆ ಒಂದು ಸಲ ಬಾಯಿ ಬಿಟ್ಟರೆ ಸಾಕಿತ್ತು. ಈಗ ಮೂರು ಸಲ. ಸಂಜೆಯ ಹೊತ್ತಿಗೆ ಅವಳ ದನಿ ಒಡೆದ ಮಡಕೆಯಂತಾಗುತ್ತಿತ್ತು.

ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ, ಮಾತ್ರೆ ಇಳಿಸಿದ್ದಕ್ಕೋ ಏನೋ, ಅವನ ಮುಖ ಸ್ವಲ್ಪ ತಿಳಿಯಾಗಿತ್ತು. ಅವಳು "ಕೊಡೆ" ಎನ್ನುವುದಕ್ಕೂ ಮುಂಚೆ ಅವನೇ ಬಾಗಿಲ ಚೌಕಟ್ಟು ಹಿಡಿದು ನಿಂತು ಹಳೆಯ ದನಿ ತೆಗೆದ.

"ಕೊಡೇ! ಕೊಡೆ ಇಳಿಯೋರು ಮುಂದೆ ಬನ್ರೀ. ರೈಟ್! ನದಿ, ನದಿ ಇದೀರಾ ಯಾರಾದ್ರೂ? ಹೋಲ್ಡಾನ್! ಮುಂದಿನದು ಗಂಟೆ!"

ಅಕ್ಕ ಇಸ್ತ್ರಿ ಎತ್ತಿ ನಿಲ್ಲಿಸಿ ಬಾಯಿ ತೆರೆದು ನೋಡಿದಳು. ಅವನು ಬೀಗದವರೆಗೆ ಹೋಗಿ ನಿಂತ. ಮುಂದಿನ ವಾರ ದೀಪ ದಾಟಿದ. ಆರನೆಯ ವಾರಕ್ಕೆ ಕೊಡೆಯಿಂದ ಉಪ್ಪಿನವರೆಗೆ ಒಂದು ಸ್ಟಾಪೂ ಬಿಡದೆ ಬಸ್ಸು ಓಡಿಸಿದ. ಆ ದಿನ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಗಿಗೆ ಫೋನು ಮಾಡಿ, "ಹಾಸಿಗೆಗೆ ಅವಸರ ಮಾಡ್ಬೇಡ, ಇವನು ಪಾಸಾಗ್ತಾನೆ," ಎಂದಳು. ನಾಳೆ ಕಡೆಯ ದಿನ, ಸಂಜೆಯೊಳಗೆ ಹೇಳಲೇಬೇಕು ಎಂದಳು ತಂಗಿ.

ಮರುದಿನ ಪರೀಕ್ಷೆ ಮೇಡಂ ಎಲ್ಲ ಮೊದಲಿನಂತೆಯೇ ಮಾಡಿದಳು. ಅಂಕಿ, ಗುರುತು. ಆಮೇಲೆ ಪದಗಳ ಸರದಿ. ಅಕ್ಕ ಸ್ಟೂಲಿನ ತುದಿಗೆ ಬಂದು ಕೂತಳು.

"ಮಂಚ, ಹಾವು, ಪೆಟ್ಟಿಗೆ, ಹೊಳಪು..." ಮೇಡಂ ಓದುತ್ತ ಹೋದಳು.

ಬೇರೆ ಪದಗಳು. ತಮ್ಮನು ಮೇಡಂ ಮುಖ ನೋಡಿದ, ಅಕ್ಕನ ಮುಖ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ.

"ಈ ರೂಟ್ ನಂದಲ್ಲ ಮೇಡಂ."

ಅಷ್ಟು ಹೇಳಿದವನು ಕುರ್ಚಿಯಿಂದ ಎದ್ದು ಬಾಗಿಲು ಹಿಡಿದು, ಕೊಡೆಯಿಂದ ಶುರು ಮಾಡಿ ಉಪ್ಪಿನವರೆಗೆ ಹದಿನೈದು ಸ್ಟಾಪನ್ನೂ ಕೂಗಿದ. ಕಾರಿಡಾರಿನಲ್ಲಿ ಕೂತವರು ತಿರುಗಿ ನೋಡಿದರು. ಮುದುಕರೊಬ್ಬರು ಬ್ಯಾಗು ತೆಗೆದುಕೊಂಡು ಎದ್ದೇ ನಿಂತರು. ಮೇಡಂ ಪೆನ್ನು ಕೆಳಗಿಟ್ಟಳು.

ಅಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆದರೆ ಅವಳ ನಾಚಿಕೆ ಎಂದೂ ನಾಚಿಕೆಯಾಗಿ ಹೊರಗೆ ಬರುವುದಲ್ಲ, ಸಿಟ್ಟಾಗಿಯೇ ಬರುವುದು. "ಹೌದು, ನಾನೇ ಹೇಳ್ಕೊಟ್ಟೆ. ಕದ್ದೆ ಅಂತಾದ್ರೂ ಅಂದ್ಕೊಳ್ಳಿ. ಆರು ವಾರ ಇಸ್ತ್ರಿ ಹಿಡ್ಕೊಂಡು ಹೇಳ್ಕೊಟ್ಟಿದೀನಿ. ನೀವು ಪದ ಬದಲಾಯಿಸ್ತೀರಿ ಅಂತ ನಂಗೇನು ಕನಸು ಬೀಳುತ್ತಾ?"

ಮೇಡಂ ಸಿಟ್ಟಾಗಲಿಲ್ಲ. ಸಿಟ್ಟಾಗುವಷ್ಟು ಶಕ್ತಿ ಅವಳಿಗೂ ಉಳಿದಿರಲಿಲ್ಲವೋ ಏನೋ. ತಮ್ಮನನ್ನು ಕೂರಿಸಿ ಹೊಸ ಪದಗಳನ್ನೇ ಮತ್ತೆ ಓದಿದಳು. ಅವನು ಐದು ಹೇಳಿದ. ಅವನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ ಕೂತಳು.

"ಮೊದಲಿಗಿಂತ ಒಂದು ಜಾಸ್ತಿ. ಅದು ಸಾಲಲ್ಲ ಅಮ್ಮ. ನೀವು ಹೇಳ್ಕೊಟ್ಟ ಹದಿನೈದನ್ನ ನಾನು ಬರೆಯೋ ಹಾಗಿಲ್ಲ."

"ಹದಿನೈದೂ ಹೇಳಿದ್ನಲ್ಲ ಮೇಡಂ. ನಿಮ್ಮ ಕಿವಿಯಾರೆ ಕೇಳಿದ್ರಿ."

"ಕೇಳಿದೆ. ಇವರಿಗೆ ಕಲಿಯೋಕಾಗಲ್ಲ ಅಂತ ನಮ್ಮ ಪರೀಕ್ಷೆ ಹೇಳಲ್ಲ. ನಿಧಾನ ಅಂತ ಹೇಳುತ್ತೆ. ಒಂದೇ ದಾರೀಲಿ ದಿನಾ ಕರ್ಕೊಂಡು ಹೋದ್ರೆ ಕಲೀತಾರೆ, ನೀವೇ ತೋರಿಸಿದ್ರಿ. ಆದ್ರೆ ಆ ನಿಧಾನಕ್ಕೆ ನಮ್ಮ ಹತ್ರ ಜನ ಇಲ್ಲ."

"ನನ್ನ ಹತ್ರ ಇದಾರಾ?" ಎಂದಳು ಅಕ್ಕ.

ಮೇಡಂ ಹೆಸರು ಬರೆಯುವ ಪುಸ್ತಕ ತೆರೆದಳು. ಮುಂದಿನ ವರ್ಷದ ತರಗತಿಗೆ ಹೆಸರು ಬರೆದುಕೊಂಡಿರುತ್ತೇನೆ, ಅಷ್ಟರಲ್ಲಿ ಕೊಡೆ ನದಿ ಬಿಟ್ಟು ಮನೆಯ ಕೆಲಸವನ್ನೇ ಹಾಗೆ ಕಲಿಸಿ ನೋಡಿ ಎಂದಳು. ಒಳ್ಳೆಯ ಮಾತೇ. ಹದಿನೈದು ಪದಕ್ಕೆ ಆರು ವಾರವಾದರೆ ಒಂದು ಬದುಕಿಗೆ ಎಷ್ಟು ವಾರ ಎಂದು ಅಕ್ಕ ಲೆಕ್ಕ ಹಾಕಲು ಹೋಗಲಿಲ್ಲ.

ಮನೆಗೆ ಬರುವಷ್ಟರಲ್ಲಿ ತಂಗಿ ಅಂಗಡಿಯ ಮುಂದೆ ಕಾಯುತ್ತಿದ್ದಳು. ಕೈಯಲ್ಲೊಂದು ಹೊಸ ಚೀಲ. ಅಕ್ಕನ ಮುಖ ನೋಡಿಯೇ ಅವಳಿಗೆ ಫಲಿತಾಂಶ ಗೊತ್ತಾಯಿತು. ಒಳಗೆ ಬಂದು ಚೀಲ ಮೇಜಿನ ಮೇಲಿಟ್ಟು ಬಿಚ್ಚಿದಳು. ಎರಡು ಟವೆಲು, ಸೋಪಿನ ಡಬ್ಬಿ, ಬಾಚಣಿಗೆ, ಹೊಸ ಒಳಬಟ್ಟೆ. ಪ್ರೀತಿಯಿಂದಲೇ ತಂದಿದ್ದಳು, ಅದರಲ್ಲಿ ಅನುಮಾನವಿಲ್ಲ.

"ನೀನು ಮಾಡೋದೆಲ್ಲ ಮಾಡಿದೆ ಅಕ್ಕ. ಇನ್ಯಾರೂ ಇಷ್ಟು ಮಾಡ್ತಿರ್ಲಿಲ್ಲ. ಈಗ ನಾನು ಫೋನ್ ಮಾಡಿ ಹೇಳ್ಬಿಡ್ಲಾ?"

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ಕಾಲು ನೋಯುತ್ತಿತ್ತು. ಆಶ್ರಯಮನೆಯವರು ಕೆಟ್ಟವರಲ್ಲ. ನಾಳೆ ಬೆಳಿಗ್ಗೆ ಎದ್ದು ತನ್ನ ಒಂದು ಲೋಟ ಚಹಾ ಮಾತ್ರ ಮಾಡಿಕೊಂಡು, ಯಾರಿಗೂ ಏನೂ ಹೇಳದೆ ಸುಮ್ಮನೆ ಇಸ್ತ್ರಿ ಮಾಡಬಹುದು. ಬಾಯಿ ಮುಚ್ಚಿಕೊಂಡು ಒಂದು ಇಡೀ ದಿನ. ಆ ಆಸೆ ಅವಳ ಮೈಗೆಲ್ಲ ಹಬ್ಬಿತು. ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

ತಮ್ಮ ಚೀಲದ ಹತ್ತಿರ ಬಂದ. ಟವೆಲು ಮುಟ್ಟಿ ನೋಡಿದ. ಸೋಪಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. ಆಮೇಲೆ ಅಕ್ಕನ ಮುಂದೆ ಬಂದು ನಿಂತ.

"ಅಕ್ಕ, ಇಲ್ಲೇ ಇರೋಕೆ ಯಾವ ಪದ ಹೇಳ್ಬೇಕು?"

ಇಬ್ಬರಿಗೂ ಅರ್ಥವಾಗಲಿಲ್ಲ. "ಏನೋ?" ಎಂದಳು ಅಕ್ಕ.

"ಇಲ್ಲೇ ಇರೋಕೆ. ಯಾವ ಯಾವ ಪದ ಅಂತ ಹೇಳ್ಕೊಡು. ಕಲೀತೀನಿ. ತಡ ಆಗುತ್ತೆ, ಆದ್ರೆ ಕಲೀತೀನಿ."

ತಂಗಿ ಸರಕ್ಕನೆ ಗೋಡೆಯ ಕಡೆ ತಿರುಗಿಕೊಂಡಳು. ಅಕ್ಕ ಕೂತಲ್ಲೇ ಇದ್ದಳು. ಅವನ ಕಿವಿಗೆ ಏನೂ ಬೀಳುವುದಿಲ್ಲವೆಂದು ಅವನೆದುರೇ ಆಡಿದ ಮಾತುಗಳೆಲ್ಲ ಅವನಿಗೆ ಕೇಳಿಸಿದ್ದವು. ಅಷ್ಟೇ ಅಲ್ಲ, ಅವು ಉಳಿದಿದ್ದವು. ನದಿ ಗಂಟೆ ಕುದುರೆಯನ್ನು ಅವನು ಕಲಿತದ್ದು ಯಾವ ತರಗತಿಗೂ ಅಲ್ಲ, ಈ ಕೋಣೆಯಲ್ಲಿ ಉಳಿಯಲಿಕ್ಕೆ. ತಪ್ಪು ಪದ ಕಲಿತೆನೆಂದು, ಸರಿಯಾದವನ್ನು ಕೇಳುತ್ತಿದ್ದಾನೆ.

ಅವಳಿಗೆ ಮೊದಲು ಬಂದದ್ದು ಸಿಟ್ಟೇ. ಯಾರ ಮೇಲೆಂದು ಗೊತ್ತಾಗಲಿಲ್ಲ. ಅದು ಇಳಿದ ಮೇಲೆ ತಂಗಿಗೆ ಹೇಳಿದಳು, "ಆ ಹಾಸಿಗೆ ಬೇರೆ ಯಾರಿಗಾದ್ರೂ ಕೊಡೋಕೆ ಹೇಳು."

"ಅಕ್ಕ, ಯೋಚನೆ ಮಾಡು. ಇನ್ನೊಂದ್ಸಲ ಸಿಗಲ್ಲ. ನಾಳೆ ನೀನೇ ಬೈಕೋತೀಯ."

"ಬೈಕೋತೀನಿ. ನಾಳೇನೇ ಬೈಕೋತೀನಿ. ಇವತ್ತು ಚೀಲ ತಗೊಂಡು ಹೋಗು. ಟವೆಲ್ ಬೇಕಾದ್ರೆ ಬಿಟ್ಟು ಹೋಗು."

ತಂಗಿ ಅಳುತ್ತಳುತ್ತಲೇ ನಕ್ಕು, ಎಲ್ಲವನ್ನೂ ಅಲ್ಲೇ ಬಿಟ್ಟು ಹೋದಳು. ಅಕ್ಕ ತಮ್ಮನ ಕಡೆ ತಿರುಗಿದಳು.

"ಇಲ್ಲಿರೋಕೆ ಯಾವ ಪದಾನೂ ಬೇಡ ಕಣೋ."

ಅವನು ತಲೆಯಾಡಿಸಿದ. ಆದರೆ ಕದಲಲಿಲ್ಲ. ಪರೀಕ್ಷೆಯ ಕೋಣೆಯಲ್ಲಿದ್ದಂತೆ ಕೈ ಕಟ್ಟಿಕೊಂಡು, ಅವಳ ತುಟಿಯನ್ನೇ ನೋಡುತ್ತ, ಮೊದಲ ಪದಕ್ಕೆ ಕಾಯುತ್ತ ನಿಂತಿದ್ದ. ಒಂದು ಸಲ ಹೇಳಿದರೆ ಅವನಲ್ಲಿ ನಿಲ್ಲುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಕ್ಕ ದಣಿದ ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು.

"ಯಾವ ಪದಾನೂ ಬೇಡ. ನೀನು ಇಲ್ಲೇ ಇರ್ತೀಯ. ಹೇಳು."

"ಯಾವ ಪದಾನೂ ಬೇಡ," ಎಂದ ಅವನು, ಮುಂದಿನದು ಮರೆತು ನಿಂತ.

"ನೀನು ಇಲ್ಲೇ ಇರ್ತೀಯ," ಎಂದಳು ಅಕ್ಕ. "ಮೊದಲಿಂದ ಹೇಳು."